ಅವಳ ಊರ ಕಡೆಯ ಡಾಕ್ಟರು

ಜೂನ್ 10, 2024, ಸೋಮವಾರ. ಮೆಟ್ರೊದಲ್ಲಿ, ಬೆಳಿಗ್ಗೆ 8.50

ವಡಪಳನಿಯಲ್ಲಿ ಸೀಟು ಸಿಕ್ಕಿತು. ಅಪರೂಪ. ಆರ್ಕಾಟ್ ರಸ್ತೆ ಇನ್ನೂ ಅಗೆದೇ ಬಿದ್ದಿದೆ. ವಳಸರವಾಕ್ಕದ ಮನೆಯಿಂದ ಇಲ್ಲಿಗೆ ಬರಲು ಮುಕ್ಕಾಲು ಗಂಟೆ. ಬ್ಯಾಂಕಿನ ಪ್ಯಾರೀಸ್ ಕಾರ್ನರ್ ಬ್ರಾಂಚಿಗೆ ಟ್ರಾನ್ಸ್‌ಫರ್ ಆದಾಗಿನಿಂದ ಡೈರಿ ಬರೆಯುವುದು ಹೆಚ್ಚಾಗಿ ರೈಲಿನಲ್ಲೇ.

ಅನಸೂಯ ಬೆಳಿಗ್ಗೆ ಚೆನ್ನಾಗಿದ್ದಳು. ಬೆಳಿಗ್ಗೆ ಯಾವಾಗಲೂ ಚೆನ್ನಾಗಿಯೇ ಇರುತ್ತಾಳೆ. ಸಂಜೆ ನಾನು ಮನೆ ಸೇರುವ ಹೊತ್ತಿಗೆ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿರುತ್ತದೆ. ಊಟಕ್ಕೆ ಕೂತರೆ ಎರಡು ಚಪಾತಿಗೆ ಮುಕ್ಕಾಲು ಗಂಟೆ. ನಿನ್ನೆ ಅರ್ಧಕ್ಕೇ ಎದ್ದಳು. ಕೇಳಿದರೆ, “ಸಾಕು.” ಅಷ್ಟೇ.

ಇದು ಶುರುವಾಗಿ ಹದಿನಾಲ್ಕು ತಿಂಗಳು. ಕಣ್ಣಿನವರು ಕನ್ನಡಕ ಬದಲಿಸಿದರು. ಹಲ್ಲಿನವರು ಒಂದು ಹಲ್ಲು ಕಿತ್ತರು. ಮೂಳೆಯವರು ಕುತ್ತಿಗೆಗೆ ಪಟ್ಟಿ ಕೊಟ್ಟರು. ಹೆಂಗಸರ ಡಾಕ್ಟರು ವಯಸ್ಸು ಅಂದರು. ನಲವತ್ತೇಳು ಒಂದು ವಯಸ್ಸೆ? ಹೋದ ತಿಂಗಳು ನುಂಗಂಬಾಕ್ಕದ ದೊಡ್ಡ ಫಿಸಿಷಿಯನ್. ಆರು ವಾರ ಕಾದು ಸಿಕ್ಕವರು ನಾಲ್ಕು ನಿಮಿಷ ನೋಡಿ ಮನಸ್ಸಿಗೆ ಮಾತ್ರೆ ಬರೆದರು. ತಲೆಯ ಸ್ಕ್ಯಾನ್ ಎರಡು ಸಲ ಆಯಿತು. ಏನೂ ಇಲ್ಲ. ಏನೂ ಇಲ್ಲ ಅಂದರೆ ಸಂತೋಷಪಡಬೇಕಲ್ಲವೆ — ಅವಳು ಅಳುತ್ತಾಳೆ.

ಎಲ್ಲ ಕಡೆಗೂ ನಾನೇ ಜೊತೆ, ರಜೆ ಹಾಕಿ. ಮಾತಾಡುವವನೂ ನಾನೇ. ಅವಳು ಧಾರವಾಡದವಳು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾದರೂ ಅವಳ ತಮಿಳು ತರಕಾರಿ ಅಂಗಡಿಯನ್ನು ದಾಟಿಲ್ಲ. ಇಂಗ್ಲಿಷ್ ಅಂದರೆ ಸಂಕೋಚ. ಮನೆಯಲ್ಲಿ ಮಕ್ಕಳಿಗೆ ಹಿಂದಿ ಟ್ಯೂಷನ್ ಹೇಳುತ್ತಾಳೆ. ಅದಕ್ಕೆ ತಮಿಳು ಅಷ್ಟಾಗಿ ಬೇಕಿಲ್ಲ. ನಮ್ಮ ಮನೆಯವರು ಮದರಾಸಿಗೆ ಬಂದು ನಾಲ್ಕು ತಲೆಮಾರು. ಡಾಕ್ಟರ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ, ತಾರೀಖಿನ ಸಮೇತ. “ರೊಂಬ ಸೋರ್ವಾ ಇರ್ಕಾಂಗ ಡಾಕ್ಟರ್” ಎಂದು ಶುರು ಮಾಡುವುದು. ತುಂಬ ಸೋತುಹೋಗಿದ್ದಾಳೆ ಅಂತ. ಮೂಳೆ ಡಾಕ್ಟರು ಅಂದಿದ್ದರು, ನಿಮ್ಮಂಥ ಗಂಡ ಸಿಗಬೇಕಮ್ಮ ಅಂತ. ಅವಳು ನೆಲ ನೋಡುತ್ತಿದ್ದಳು.

ಸೆಂಟ್ರಲ್. ರೈಲು ಬದಲಿಸಬೇಕು.


ಜೂನ್ 13, ಗುರುವಾರ. ಬ್ಯಾಂಕಿನಲ್ಲಿ, ಊಟದ ಹೊತ್ತು

ಬೆಳಿಗ್ಗೆ ಕಾಫಿ ಕೊಡುವಾಗ ಹೇಳಿದಳು. ಇನ್ನೊಬ್ಬ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾಳೆ. ಪೋರೂರಿನಲ್ಲಿ. ನರಗಳ ಡಾಕ್ಟರು. ತೆಗೆದುಕೊಂಡು ಎರಡು ದಿನವಾಯಿತಂತೆ!

ಹೇಳಿಕೊಟ್ಟವರು ವೆಂಕಟಲಕ್ಷ್ಮಿ. ಟ್ಯೂಷನ್ನಿಗೆ ಬರುವ ಒಂದು ಮಗುವಿನ ತಾಯಿ, ಆಸ್ಪತ್ರೆಯಲ್ಲಿ ನರ್ಸ್. ಮಗಳನ್ನು ಕರೆದೊಯ್ಯಲು ಬಂದವರು ಇವಳನ್ನು ಹತ್ತು ನಿಮಿಷ ನೋಡಿದ್ದಾರೆ. ಗದ್ದವನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಪಾಠ ಹೇಳುತ್ತಿದ್ದಳಂತೆ.

“ಒಂದ್ ಮಾತು ನನ್ನ ಕೇಳ್ಬಾರ್ದಿತ್ತಾ ಅನು? ಅದು ಬಂದು, ಈಗಾಗ್ಲೇ ನುಂಗಂಬಾಕ್ಕಂ ಡಾಕ್ಟರ್‌ದು ನಡೀತಾ ಇದೆ...”

“ಅವರು ನನ್ನ ಮುಖಾನೇ ನೋಡ್ಲಿಲ್ಲ ರೀ.”

“ಸರಿ, ಇವರು ಯಾರು? ಹೆಸರೇ ಕೇಳಿಲ್ಲ.”

“ಪ್ರವೀಣ್ ಅಂತೆ. ಗದಗದವರು. ಕನ್ನಡದವರು.”

ಕನ್ನಡದವರು ಅನ್ನುವಾಗ ಅವಳ ಮುಖ ಸ್ವಲ್ಪ ಅರಳಿತು.

ನಾನೂ ಕನ್ನಡದವನೇ.


ಜೂನ್ 22, ಶನಿವಾರ. ಮನೆ, ಸಂಜೆ 5

ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಪೋರೂರಿಗೆ ಹೋಗಿಬಂದೆವು. ಎಲ್ಲವನ್ನೂ ಬರೆಯಬೇಕು. ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತದೆ.

ಔಷಧಿ ಅಂಗಡಿಯ ಮೇಲೆ ಎರಡು ಕೋಣೆ. ಅಷ್ಟೇ ಕ್ಲಿನಿಕ್. ಡಾಕ್ಟರಿಗೆ ಮೂವತ್ತಾರು ಮೂವತ್ತೇಳು ಇರಬೇಕು. ಜೇಬಿನ ಮೇಲೆ ಇಂಕಿನ ಕಲೆ. ನಾನು ಫೈಲ್ ಬಿಚ್ಚಿ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಒಂದು ನಿಮಿಷ ಕೇಳಿಸಿಕೊಂಡರು. ಆಮೇಲೆ ಅವಳ ಕಡೆ ತಿರುಗಿದರು.

“ಯಾವ ಊರ್ರಿ ಅಕ್ಕಾರ ನಿಮ್ಮದು?”

“ಧಾರವಾಡ್ರೀ. ಮಾಳಮಡ್ಡಿ.”

“ಹೌದಾ! ನಾ ಗದಗಿನಾಂವ. ಹೇಳ್ರಿ, ಏನ್ ಆಗಾಕತ್ತೈತಿ?”

ನಾನು ಮತ್ತೆ ಬಾಯಿ ತೆರೆದೆ. ಕೈ ಎತ್ತಿ ತಡೆದರು. “ಸರ್, ಒಂದ್ ಹತ್ತು ನಿಮಿಷ. ಅವರ ಹೇಳ್ಲಿ.”

“ಅವಳಿಗೆ ಸರಿಯಾಗಿ ಹೇಳೋಕೆ ಬರಲ್ಲ ಡಾಕ್ಟರ್.”

“ಬರತೈತಿ ಬಿಡ್ರಿ.”

ಅವಳು ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಿಸಿದಳು, ಬಿಚ್ಚಿದಳು. ಆಮೇಲೆ ಮಾತಾಡಿದಳು. ನಮ್ಮ ಮನೆಯ ಕನ್ನಡದಲ್ಲಲ್ಲ. ಧಾರವಾಡದ ತಂಗಿಯ ಜೊತೆ ಫೋನಿನಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಆಡುವ ಕನ್ನಡದಲ್ಲಿ.

“ನಿಶ್ಶಕ್ತಿ ಅಲ್ರೀ. ಬ್ಯಾಸರಾನೂ ಅಲ್ಲ. ದಣೀತದರೀ. ಮುಂಜಾನೆ ಎದ್ದಾಗ ಎಲ್ಲಾ ಛಲೋನ ಇರ್ತದ. ಊಟಕ್ಕ ಕೂತ್ರ ಮೊದಲಿನ ನಾಕ ತುತ್ತಿಗೆ ಏನೂ ಆಗೂದಿಲ್ಲ. ಜಗದ್ಹಂಗ ಜಗದ್ಹಂಗ ದವಡಿ ದಣೀತದ. ಸ್ವಲ್ಪ ಹೊತ್ತು ಸುಮ್ನ ಕೂತ್ರ ಮತ್ತ ಬರ್ತದ. ಕಣ್ಣೂ ಹಂಗ. ಮಾತೂ ಹಂಗ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಮಾತು ಹ್ಯಾಂಗ ದಣೀತೈತ್ರಿ?”

“ಟ್ಯೂಷನ್ ಹೇಳ್ತೀನ್ರಿ. ಮೊದಲನೇ ಬ್ಯಾಚಿಗೆ ಸರಿ ಇರ್ತದ. ಮೂರನೇ ಬ್ಯಾಚಿಗೆ ಧ್ವನಿ ಮೂಗಿನ್ಯಾಗ ಬರ್ತದ. ಹುಡುಗ್ರು ನಗ್ತಾವ. ಒಂದು ಹುಡುಗಿ ಕೇಳ್ತು, ಮಿಸ್, ನಿಮಗ ದಿನಾ ಸಂಜಿಗೇ ಯಾಕ ನೆಗಡಿ ಬರ್ತದ ಅಂತ.”

ಇದು ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ತಿಂಗಳ ಫೈಲಿನಲ್ಲಿ ಎಲ್ಲೂ ಇಲ್ಲ. ನಾನು ಮನೆಗೆ ಬರುವುದು ಏಳೂವರೆಗೆ. ಆಗ ಅವಳು ಮಾತೇ ಆಡುವುದಿಲ್ಲ. ಯಾಕೆ ಆಡುವುದಿಲ್ಲ ಎಂದು ಇವತ್ತು ತಿಳಿಯಿತು. ಒಬ್ಬ ಅಪರಿಚಿತನ ಕೋಣೆಯಲ್ಲಿ ಕೂತು.

ಆಮೇಲೆ ಡಾಕ್ಟರು ಬೆರಳು ಮೇಲೆತ್ತಿ, ಅದನ್ನೇ ನೋಡುತ್ತಿರಲು ಹೇಳಿದರು. ಒಂದು ನಿಮಿಷಕ್ಕೆ ಎಡ ರೆಪ್ಪೆ ಪರದೆ ಇಳಿದ ಹಾಗೆ ಇಳಿಯಿತು. ಕ್ಲಿನಿಕ್ಕಿನ ನರ್ಸ್ ಕೈಗವುಸಿನೊಳಗೆ ಐಸ್ ತುಂಬಿ ತಂದರು. ಮುಚ್ಚಿದ ಕಣ್ಣಿನ ಮೇಲೆ ಎರಡು ನಿಮಿಷ, ಗಡಿಯಾರ ನೋಡಿಕೊಂಡು. ತೆಗೆದರೆ — ರೆಪ್ಪೆ ಮೇಲಿತ್ತು. ಬಲಗಣ್ಣಿನಷ್ಟೇ. ಡಾಕ್ಟರು ಕನ್ನಡಿ ಕೊಟ್ಟರು.

ಅವಳು ನೋಡಿಕೊಂಡಳು. ಒಮ್ಮೆ ನನ್ನ ಕಡೆ, ಒಮ್ಮೆ ಕನ್ನಡಿಯ ಕಡೆ. ನಕ್ಕಳು. ಬಾಯಿ ತುಂಬ. ಡಾಕ್ಟರೂ ನಕ್ಕರು. “ಮಂಜುಗಡ್ಡಿ ಖರ್ಚಿನ್ಯಾಗ ಮುಗೀತ್ರಿ ಟೆಸ್ಟು!”

ನನ್ನ ಹೆಂಡತಿಯ ಕಣ್ಣು ತೆರೆದಿದೆ. ನನಗೆ ಮೊದಲು ಬರಬೇಕಾದದ್ದು ಸಂತೋಷ. ಬಂದದ್ದು ಬೇರೆ. ಅವಳನ್ನು ಹಾಗೆ ನಗಿಸಿದವನು ನಾನಲ್ಲ.

ನರ ಕೊಟ್ಟ ಸುದ್ದಿ ಸ್ನಾಯುವಿಗೆ ಪೂರ್ತಿ ಮುಟ್ಟುವುದಿಲ್ಲವಂತೆ. ರಕ್ತ ಪರೀಕ್ಷೆಯಿಂದ ಖಾತ್ರಿಯಾಗಬೇಕು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಒಂದರಿಂದ ಐವತ್ತರವರೆಗೆ ಎಣಿಸಿ, ರೆಕಾರ್ಡ್ ಮಾಡಿ ಕಳಿಸಬೇಕಂತೆ. ಅವರ ಫೋನಿಗೆ. ಅವಳ ಫೋನಿಂದ.


ಜೂನ್ 24, ಸೋಮವಾರ. ಮೆಟ್ರೊ

ಅಂಥ ಸಂಶಯವಲ್ಲ. ಅವನು ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಅಕ್ಕಾರ ಅಂತ ಕರೆಯುತ್ತಾನೆ. ಅಂಥದ್ದೇ ಆಗಿದ್ದರೆ ಸುಲಭವಿತ್ತು, ಜಗಳವಾಡಬಹುದಿತ್ತು.

ಮದುವೆಯಾದ ಹೊಸತು ನೆನಪಾಗುತ್ತದೆ. ಅವಳು “ಬರಂಗಿಲ್ಲ”, “ಹೌದಲ್ರೀ” ಅಂದರೆ ಅಮ್ಮ, ನನ್ನ ಅಕ್ಕ ರಂಜನಿ ಇಬ್ಬರೂ ಅಣಕಿಸಿ ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ತಮಾಷೆ. ನಾಲ್ಕೈದು ತಿಂಗಳಲ್ಲಿ ನಮ್ಮ ಹಾಗೇ ಮಾತಾಡತೊಡಗಿದಳು. ಬೇಗ ಕಲಿತಳು ಎಂದು ಎಲ್ಲರೂ ಹೊಗಳಿದೆವು.

ಆಗ ನಾನು? ಅಲ್ಲೇ ಇದ್ದೆ.


ಜುಲೈ 2, ಮಂಗಳವಾರ. ಮನೆ, ಬೆಳಿಗ್ಗೆ 6.40

ಸ್ನಾನದ ಮನೆಯಲ್ಲಿದ್ದೇನೆಂದು ಅವಳು ತಿಳಿದಿದ್ದಾಳೆ. ಹಾಲ್‌ನಲ್ಲಿ ಎಣಿಸುತ್ತಿದ್ದಾಳೆ. ...ನಲವತ್ತೆಂಟು, ನಲವತ್ತೊಂಬತ್ತು, ಐವತ್ತು. ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ. “ಇವತ್ತ ಐವತ್ತರ ತನಕಾ ಸರಳ ಬಂತ್ರೀ. ನಿನ್ನೆ ಸಂಜಿಗೆ ಮೂವತ್ತಕ್ಕ ಮೂಗು ಹಿಡೀತು. ನಿನ್ನೆ ಜ್ವಾಳದ ಹಿಟ್ಟು ಸಿಕ್ತು ನೋಡ್ರಿ ಇಲ್ಲಿ ಅಂಗಡ್ಯಾಗ...”

ಜೋಳದ ಹಿಟ್ಟು ನ್ಯೂರಾಲಜಿಗೆ ಯಾಕೆ?

ನನಗೆ ಆ ಹಿಟ್ಟಿನ ವಿಷಯ ಹೇಳಿಲ್ಲ.


ಜುಲೈ 8, ಸೋಮವಾರ. ಸಂಜೆ

ರಿಪೋರ್ಟ್ ಬಂತು. ಪಾಸಿಟಿವ್. ಮಯಸ್ತೇನಿಯಾ ಗ್ರೇವಿಸ್. ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡೆ. ಅವಳು ಅತ್ತಳು; ಆದರೆ ಈ ಸಲದ ಅಳು ಬೇರೆ. “ನಂಗೆ ಹುಚ್ಚು ಹಿಡಿದಿಲ್ಲ ಅಂತಾಯ್ತಲ್ಲ” ಅಂದಳು. ನಾನು ಯಾವತ್ತೂ ಹಾಗೆ ಅಂದಿರಲಿಲ್ಲ. ಅಂದಿದ್ದೆನೆ?

ಈ ಕಾಯಿಲೆಯಲ್ಲಿ ಎದೆಯೊಳಗೆ ಗಂಟು ಇರಬಹುದಂತೆ; ಸ್ಕ್ಯಾನ್ ಆಯಿತು, ಇಲ್ಲ. ಮಾತ್ರೆ ಶುರು. ನುಂಗಿ ಮುಕ್ಕಾಲು ಗಂಟೆಗೆ ಅವಳು ರೊಟ್ಟಿ ತಿಂದಳು. ಇಡೀ ರೊಟ್ಟಿ. ಮಗಳು ಚಿನ್ಮಯಿ ಕಾಲೇಜಿನಿಂದ ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. “ಅಮ್ಮಾ, ಕಣ್ಣು ಸೂಪರಾ ಇರುಕ್ಕು” ಎಂದು ತಬ್ಬಿಕೊಂಡಳು.

ಡಾಕ್ಟರು ಒಂದು ಹಾಳೆ ಕೊಟ್ಟಿದ್ದಾರೆ. ಈ ಕಾಯಿಲೆಯವರು ತೆಗೆದುಕೊಳ್ಳಬಾರದ ಔಷಧಿಗಳ ಪಟ್ಟಿ. ನೆಗಡಿ, ಕೆಮ್ಮು ಅಂತ ಯಾರೇ ಏನೇ ಬರೆದುಕೊಟ್ಟರೂ ಮೊದಲು ಇದರಲ್ಲಿ ನೋಡಬೇಕು, ಅನುಮಾನ ಬಂದರೆ ತಮ್ಮನ್ನು ಕೇಳಬೇಕು. ಎರಡು ಸಲ ಹೇಳಿದರು, ಅವಳ ಮುಖ ನೋಡಿ. ಹಾಳೆಯನ್ನು ಅವಳು ಪರ್ಸಿಗೆ ಹಾಕಿಕೊಳ್ಳಲು ಹೋದಳು. “ಕೊಡು, ಫೈಲಿನಲ್ಲಿಡ್ತೀನಿ” ಅಂದೆ.

ಫೈಲಾದರೂ ನನ್ನ ಹತ್ತಿರ ಇರಲಿ.


ಜುಲೈ 14, ಭಾನುವಾರ. ಮಧ್ಯಾಹ್ನ

ಜಗಳ. ಬರೆಯಲೂ ನಾಚಿಕೆ, ಆದರೂ.

ನುಂಗಂಬಾಕ್ಕದಲ್ಲಿ ಒಬ್ಬ ಹಿರಿಯ ನ್ಯೂರಾಲಜಿಸ್ಟ್ ಹತ್ತಿರ ಸೆಕೆಂಡ್ ಒಪೀನಿಯನ್‌ಗೆ ಹೆಸರು ಬರೆಸಿದ್ದೆ. ಇಷ್ಟು ದೊಡ್ಡ ಕಾಯಿಲೆ, ಅಂಗಡಿ ಮಾಳಿಗೆಯ ಡಾಕ್ಟರನ್ನೇ ನಂಬಿ ಕೂರುವುದೆ? ಹಾಗೆಂದು ಅವಳಿಗೆ ಹೇಳಿದೆ. ನನಗೆ ಹೇಳಿಕೊಂಡದ್ದೂ ಅದನ್ನೇ.

“ಬ್ಯಾಡ” ಅಂದಳು. ಬೇಡ ಅಲ್ಲ, ಬ್ಯಾಡ. ನಮ್ಮ ಮನೆಯಲ್ಲಿ ಇಷ್ಟು ವರ್ಷಕ್ಕೆ ಮೊದಲ ಸಲ ಆ ಶಬ್ದ.

“ಒಂದ್ ಸಲ ತೋರಿಸಿದ್ರೆ ಏನು ನಷ್ಟ?”

“ಹನ್ನೊಂದು ಜನಕ್ಕ ತೋರ್ಸಿದ್ರಿ. ನಾ ಎಲ್ಲೂ ಒಲ್ಲೆ ಅಂದಿಲ್ಲ. ಈಗ ಒಲ್ಲೆ.”

“ಅವನು ಏನು ಹೇಳಿದ್ರೂ ವೇದವಾಕ್ಯ. ಬೆಳಿಗ್ಗೆ ಎದ್ದು ಅವನಿಗೆ ಹಿಟ್ಟಿನ ಕತೆ, ಸಾಯಂಕಾಲ ರೊಟ್ಟಿ ಕತೆ. ಅದು ಬಂದು, ಟ್ರೀಟ್‌ಮೆಂಟಾ ಇಲ್ಲ ಹರಟೆಯಾ?”

ಅವಳ ಮುಖ ಬಿಳಿಚಿತು. ಕದ್ದು ಕೇಳಿದ್ದೇನೆಂದು ಗೊತ್ತಾಯಿತು. ಚಿನ್ಮಯಿ ಕೋಣೆಯಿಂದ ಬಂದಳು. “ಅಪ್ಪಾ, ಉಂಗಳುಕ್ಕು ಎನ್ನ ಪ್ರಾಬ್ಲಂ? ಷಿ ಈಸ್ ಈಟಿಂಗ್. ಫೈನಲಿ.”

ನನಗೇನು ಪ್ರಾಬ್ಲಂ. ಉತ್ತರ ಇತ್ತು, ಹೇಳುವ ಹಾಗಿರಲಿಲ್ಲ. ಹೊಟ್ಟೆಕಿಚ್ಚು. ಈಗ ಬರೆದಾಯಿತು. ಹೆಂಡತಿಯ ಕಾಯಿಲೆ ಕಂಡುಹಿಡಿದವನ ಮೇಲೆ ಹೊಟ್ಟೆಕಿಚ್ಚು.


ಜುಲೈ 16, ಮಂಗಳವಾರ. ಮೆಟ್ರೊ

ನಿನ್ನೆಯಿಂದ ಎಣಿಸುತ್ತಿಲ್ಲ. ರೆಕಾರ್ಡಿಂಗ್ ನಿಲ್ಲಿಸಿದ್ದಾಳೆ. ನಾನು ನಿಲ್ಲಿಸು ಅಂದಿರಲಿಲ್ಲ.

ಮನೆ ಶಾಂತ. ಗೆದ್ದವನ ಹಾಗೆ ಅನಿಸಬೇಕಿತ್ತು.


ಜುಲೈ 21, ಭಾನುವಾರ. ಸಂಜೆ 6

ಅವಳಿಗೆ ಎರಡು ದಿನದಿಂದ ಜ್ವರ, ಕೆಮ್ಮು. ಬೀದಿ ಕೊನೆಯ ಕ್ಲಿನಿಕ್ಕಿಗೆ ಕರೆದೊಯ್ದೆ. ಭಾನುವಾರ, ಯಾರೋ ಡ್ಯೂಟಿ ಡಾಕ್ಟರು. ಬೇರೆ ಏನಾದರೂ ಮಾತ್ರೆ ನಡೆಯುತ್ತಿದೆಯೆ ಎಂದು ಕೇಳಿದರು. ಅವಳ ಗಂಟಲು ಕಟ್ಟಿತ್ತು. ನಾನೇ ಹೇಳಿದೆ: ನರದ ವೀಕ್ನೆಸ್ಸಿಗೆ ಒಂದು ಮಾತ್ರೆ, ಅಷ್ಟೇ. ಕಾಯಿಲೆಯ ಹೆಸರು ಹೇಳಲಿಲ್ಲ. ಆಂಟಿಬಯಾಟಿಕ್ ಬರೆದುಕೊಟ್ಟರು.

ಹೊರಗೆ ಬಂದು ಅವಳು ಮೆಲ್ಲಗೆ ಅಂದಳು, “ಪ್ರವೀಣ್ ಡಾಕ್ಟರಿಗೆ ಒಂದ್ ಮೆಸೇಜ್ ಹಾಕಿ ಕೇಳ್ಲಾ?”

“ಕೆಮ್ಮಿಗೂ ಅವನ್ನೇ ಕೇಳ್ಬೇಕಾ?”

ಫೋನನ್ನು ಪರ್ಸಿಗೆ ಹಾಕಿಕೊಂಡಳು.

ಔಷಧಿ ಅಂಗಡಿಯ ಕ್ಯೂನಲ್ಲಿ ನಿಂತಿದ್ದೆ. ಫೈಲ್ ಕಂಕುಳಲ್ಲಿತ್ತು. ಹಾಳೆ ಅದರ ಮೊದಲ ಪುಟದಲ್ಲೇ ಇದೆ. ತೆಗೆದು ನೋಡಲು ಅರ್ಧ ನಿಮಿಷ. ತೆಗೆಯಲಿಲ್ಲ. ಮರೆತೆ ಎಂದು ಇಲ್ಲಿ ಬರೆದುಕೊಳ್ಳಬಹುದು. ಮರೆತಿರಲಿಲ್ಲ. ನನ್ನ ಹೆಂಡತಿಗೆ ಒಂದು ಕೆಮ್ಮಿನ ಮಾತ್ರೆ ಕೊಡಿಸಲು ಅವನ ಅಪ್ಪಣೆ ಬೇಕೆ, ಅನಿಸಿತು.

ಮೊದಲ ಮಾತ್ರೆ ನುಂಗಿ ಮಲಗಿದ್ದಾಳೆ.


ಜುಲೈ 28, ಭಾನುವಾರ. ಪೋರೂರು, ಆಸ್ಪತ್ರೆಯ ಕಾರಿಡಾರ್, ಬೆಳಿಗ್ಗೆ 10

ಒಂದು ವಾರ ಬರೆಯಲಿಲ್ಲ. ಬರೆಯುವ ಕೈ ಇರಲಿಲ್ಲ.

ಮಂಗಳವಾರ ನಾನು ಬ್ಯಾಂಕಿನಲ್ಲಿದ್ದೆ. ಮಧ್ಯಾಹ್ನ ಮೂರಕ್ಕೆ ಚಿನ್ಮಯಿಯ ಫೋನು. ಅಮ್ಮನಿಗೆ ತಲೆ ನಿಲ್ಲುತ್ತಿಲ್ಲ, ನೀರು ಮೂಗಿಂದ ಬರುತ್ತಿದೆ. ಆಂಬ್ಯುಲೆನ್ಸಿಗೆ ಹೇಳಿದ್ದಾಳೆ. ಅದಕ್ಕೂ ಮೊದಲು ಡಾ. ಪ್ರವೀಣ್‌ಗೆ ಫೋನ್ ಮಾಡಿದ್ದಳು. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಕೇಳಿ ಅಂದರಂತೆ. ಒಂಬತ್ತಕ್ಕೆ ನಿಂತಿತು. ಕ್ಲಿನಿಕ್ ಬೇಡ, ನೇರ ಆಸ್ಪತ್ರೆಗೆ, ನಾನು ಅಲ್ಲಿರುತ್ತೇನೆ ಅಂದರಂತೆ. ಅಲ್ಲಿದ್ದರು. ನಾನು ಪ್ಯಾರೀಸ್ ಕಾರ್ನರ್‌ನಿಂದ ಬಂದು ಸೇರುವ ಹೊತ್ತಿಗೆ ಐಸಿಯುನಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ ಯಂತ್ರದಿಂದ ಗಾಳಿ ಕೊಡುತ್ತಿದ್ದರು. ಇನ್ನು ಎರಡು ಗಂಟೆ ತಡವಾಗಿದ್ದರೆ ಗಂಟಲಿಗೆ ಟ್ಯೂಬ್ ಹಾಕಬೇಕಾಗುತ್ತಿತ್ತಂತೆ. ಅಥವಾ ಅದಕ್ಕೂ — ಬರೆಯುವುದಿಲ್ಲ.

ಡಾಕ್ಟರು ಹೊರಗೆ ಬಂದು ಆ ಆಂಟಿಬಯಾಟಿಕ್ ಮಾತ್ರೆಯ ಸ್ಟ್ರಿಪ್ ಹಿಡಿದು ಕೇಳಿದರು, “ಇದನ್ನ ಯಾರು ಬರದಕೊಟ್ರು ಸರ್? ಹಾಳಿ ತೋರಿಸ್ಲಿಲ್ಲೇನು?”

“ಫೈಲಿನಲ್ಲಿತ್ತು. ಆ ಗಡಿಬಿಡೀಲಿ... ನೋಡೋಕೆ ಆಗ್ಲಿಲ್ಲ.”

ಸುಳ್ಳು. ಅವರು ನಂಬಿದರು. ಬೈಯಲಿಲ್ಲ. “ಜ್ವರದಿಂದನೂ ಆಗಿರಬಹುದು, ಮಾತ್ರಿಯಿಂದನೂ. ಎರಡೂ ಕೂಡಿರಬಹುದು. ಈಗ ಅದನ್ನ ಬಿಡ್ರಿ. ವಾರದಿಂದ ಅಕ್ಕಾರ ರೆಕಾರ್ಡಿಂಗ್ ಬರಲಿಲ್ಲ, ಆರಾಮ ಅದಾರ ಅಂತ ತಿಳಕೊಂಡೆ. ನಾ ಒಂದ್ ಫೋನ್ ಮಾಡಬೇಕಿತ್ತು. ನಂದೂ ತಪ್ಪೈತಿ.”

ನನ್ನೆದುರು ನಿಂತು ನನ್ನ ತಪ್ಪಿನಲ್ಲಿ ಪಾಲು ಕೇಳುತ್ತಿದ್ದ ಆ ಮನುಷ್ಯ. ಆಗಲೂ ನಾನು ಬಾಯಿ ಬಿಡಲಿಲ್ಲ.

ಐದು ದಿನ ಡ್ರಿಪ್. ನಿನ್ನೆ ಸಂಜೆಯಿಂದ ಸ್ವಂತ ಉಸಿರು ಸ್ವಲ್ಪ ಸ್ವಲ್ಪ. ಮಾಸ್ಕ್ ಇರುವಾಗ ಮಾತು ಆಗದು, ರೈಟಿಂಗ್ ಪ್ಯಾಡ್ ಕೊಟ್ಟಿದ್ದಾರೆ. ಡಾಕ್ಟರಿಗೆ ಬರೆದದ್ದು: “ಉಸಿರು ದಣಿಯೂದು ಕಡಿಮಿ ಆಗೇದ. ನುಂಗಲಿಕ್ಕೆ ಇನ್ನೂ ತ್ರಾಸ.” ನನಗೆ ಬರೆದದ್ದು: “ಚಿನ್ಮಯಿದು ಊಟ ಆಯ್ತಾ?”

ಸಾವಿನ ಹತ್ತಿರ ಹೋಗಿ ಬಂದವಳು ಬರೆದದ್ದರಲ್ಲೂ ನಾನು ಅದನ್ನೇ ನೋಡಿದೆ — ಅವನಿಗೆ ಯಾವ ಕನ್ನಡ, ನನಗೆ ಯಾವ ಕನ್ನಡ.


ಜುಲೈ 30, ಮಂಗಳವಾರ. ಆಸ್ಪತ್ರೆ, ಮಧ್ಯಾಹ್ನ

ವಾರ್ಡಿಗೆ ಬಂದಳು. ಕೆಳಗೆ ಕ್ಯಾಂಟೀನಿನಲ್ಲಿ ಡಾ. ಪ್ರವೀಣ್ ಸಿಕ್ಕರು, ಒಬ್ಬರೇ ಇಡ್ಲಿ ತಿನ್ನುತ್ತಿದ್ದರು. ಎದುರು ಕೂರಿಸಿಕೊಂಡರು. ಕೇಳಿದೆ: ಹನ್ನೊಂದು ಜನಕ್ಕೆ ಕಾಣದ್ದು ನಿಮಗೆ ಹೇಗೆ ಕಂಡಿತು? ನಿಜವಾಗಿ ತಿಳಿಯಬೇಕಿತ್ತು. ಚುಚ್ಚಲೂ ಬೇಕಿತ್ತು, ಸ್ವಲ್ಪ.

“ನಾ ಏನೂ ಕಂಡಹಿಡದಿಲ್ಲ ಸರ್. ಅಕ್ಕಾರ ಹೇಳಿದ್ರು. ದಣೀತದ ಅಂದ್ರಲ್ಲ — ನಿಶ್ಶಕ್ತಿ ಅಲ್ಲ, ದಣೀತದ, ಸುಮ್ನ ಕೂತ್ರ ಮತ್ತ ಬರತದ ಅಂತ. ಈ ರೋಗಕ್ಕ ಅದಕ್ಕಿಂತ ಛಲೋ ಮಾತು ನಮ್ಮ ಪುಸ್ತಕದಾಗೂ ಇಲ್ಲ. ಮದಲಿನವರಿಗೆ ಯಾರಿಗೂ ಅವರು ಹಂಗ ಹೇಳಿಲ್ಲೇನು?”

ಹೇಳಿದ್ದಳು. ನನಗೆ. ಮೊದಲ ವಾರವೇ, ಹೋದ ವರ್ಷ ಏಪ್ರಿಲಿನಲ್ಲಿ. ಅಡುಗೆಮನೆಯಲ್ಲಿ ನಿಂತು, “ಜಗಿದ್ರೆ ಬಾಯಿ ದಣಿಯುತ್ತೆ ರೀ” ಅಂದಿದ್ದಳು. ನಾನು ಅದನ್ನು ತಮಿಳಿಗೆ ಹಾಕಿದೆ. ಸೋರ್ವು. ಇಂಗ್ಲಿಷಿಗೆ ಹಾಕಿದೆ. ಫೀಲಿಂಗ್ ಲೋ, ಲೆಥಾರ್ಜಿಕ್. ಮಂಕು, ಜಡ ಅಂತ.

ಮೇಲೆ ಬಂದು ಫೈಲ್ ತೆಗೆದೆ. ಒಂದೊಂದೇ ಚೀಟಿ. ಕಣ್ಣಿನವರದು, ಮೂಳೆಯವರದು, ನುಂಗಂಬಾಕ್ಕದವರದು. ಬೇರೆ ಬೇರೆ ಕೈಬರಹ. ಮೊದಲ ಸಾಲು ಎಲ್ಲದರಲ್ಲೂ ಒಂದೇ — ಲೆಥಾರ್ಜಿ. ಹನ್ನೊಂದು ಜನ ಡಾಕ್ಟರು ಪರೀಕ್ಷೆ ಮಾಡಿದ್ದು ಅವಳನ್ನಲ್ಲ, ನನ್ನ ಶಬ್ದವನ್ನು.


ಆಗಸ್ಟ್ 6, ಮಂಗಳವಾರ. ಮನೆ, ಸಂಜೆ 5.30

ಶನಿವಾರ ಮನೆಗೆ ಬಂದಳು. ಇವತ್ತು ಬೇಗ ಹೊರಟು ಬಂದೆ. ಹೇಳಿಬಿಟ್ಟೆ.

ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದಳು, ಗುಟುಕು ಗುಟುಕಾಗಿ. ಚಿನ್ಮಯಿ ಮನೆಯಲ್ಲಿರಲಿಲ್ಲ. “ಅನು, ಅವತ್ತು ಔಷಧಿ ಕ್ಯೂನಲ್ಲಿ ಹಾಳೆ ನನ್ನ ಹತ್ರಾನೇ ಇತ್ತು. ಬೇಕೂಂತಲೇ ನೋಡ್ಲಿಲ್ಲ.”

ಲೋಟ ಕೆಳಗಿಡಲಿಲ್ಲ. “ಯಾಕೆ?”

“ಅವರ ಮೇಲೆ ಹೊಟ್ಟೆಕಿಚ್ಚು. ನೀನು ಅವರ ಹತ್ರ ಮಾತಾಡೋ ಹಾಗೆ ನನ್ನ ಹತ್ರ ಯಾವತ್ತೂ ಮಾತಾಡಿಲ್ಲ.”

ಕೆಳಗೆ ರಸ್ತೆಯಲ್ಲಿ ನೀರಿನ ಲಾರಿ ಹಿಂದಕ್ಕೆ ಬರುತ್ತಿತ್ತು. ಅದು ನಿಲ್ಲುವವರೆಗೂ ಅದನ್ನೇ ನೋಡಿದಳು.

“ಮಾತಾಡಿದ್ದೆ. ಮೊದಲನೇ ವರ್ಷ. ಅತ್ತೆ ನಕ್ರು, ರಂಜನಿಯವರು ನಕ್ರು. ನಾ ನಿಮ್ಮ ಮುಖಾ ನೋಡ್ದೆ. ನೀವೂ ನಕ್ಕಿದ್ರಿ.”

ನೆನಪಿಲ್ಲ ಅನ್ನಲು ಹೋದೆ. ನೆನಪಾಯಿತು.

“ಅವತ್ತ ಮಾತ್ರಿ ನುಂಗೋವಾಗ ನಂಗೂ ಅನಿಸಿತ್ತು, ಹಾಳಿ ನೋಡಬೇಕು ಅಂತ. ಕೇಳಿದ್ರ ನೀವು ಸಿಟ್ಟಾಗ್ತೀರಿ. ಮತ್ತ ಮಾತಿಗೆ ಮಾತು. ಅಷ್ಟು ಮಾತಾಡಲಿಕ್ಕೆ ದವಡ್ಯಾಗ ಶಕ್ತಿ ಇರ್ಲಿಲ್ಲ. ಸುಮ್ನ ನುಂಗಿಬಿಟ್ಟೆ.”

ಮೊದಲ ಬಾರಿ ಅಷ್ಟುದ್ದ ಮಾತನ್ನು ನನಗೆ ಅವಳ ಕನ್ನಡದಲ್ಲಿ ಹೇಳಿದಳು. ನಾನು ಇಷ್ಟು ದಿನ ಹೊಟ್ಟೆಕಿಚ್ಚುಪಟ್ಟದ್ದು ಇದಕ್ಕೇ. ಸಿಕ್ಕಿತು.

ಕ್ಷಮಿಸು ಅಂದೆ. ಅವಳು ಎದ್ದಳು. ಲೋಟ ತೊಳೆದಿಟ್ಟು ಬಂದಳು. “ಫೈಲ್ ಕೊಡ್ರಿ” ಅಂದಳು. ಕೊಟ್ಟೆ. ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.


ಆಗಸ್ಟ್ 9, ಶುಕ್ರವಾರ. ಮೆಟ್ರೊ

ಡಾ. ಪ್ರವೀಣ್‌ಗೂ ಹೇಳಿದೆ, ಫೋನಿನಲ್ಲಿ. ಅವರು ಕೇಳಿದ್ದು ಒಂದೇ. “ಅಕ್ಕಾರಿಗೆ ಗೊತ್ತೈತೇನ್ರಿ?” ಗೊತ್ತಿದೆ ಅಂದೆ. “ಹಂಗಾರ ನಾ ಏನೂ ಅನ್ನಂಗಿಲ್ಲ” ಎಂದು ಇಟ್ಟರು.

ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಅದನ್ನೂ ಕೊಡಲಿಲ್ಲ.


ಆಗಸ್ಟ್ 24, ಶನಿವಾರ. ಮನೆ, ಸಂಜೆ 4

ಚೆಕಪ್. ಮೆಟ್ಟಿಲು ಹತ್ತಿ ಬಂದು ಅವಳು ಹೇಳಿದಳು, “ನೀವು ಹೊರಗ ಕೂಡ್ರಿ.” ಕೂತೆ. ಗೋಡೆಯಾಚೆ ಅವಳ ದನಿ. ಶಬ್ದ ಕೇಳಿಸದು, ಏರಿಳಿತ ಮಾತ್ರ. ಒಮ್ಮೆ ಇಬ್ಬರೂ ನಕ್ಕರು. ಅದೇ ಹೊಟ್ಟೆಕಿಚ್ಚು. ಇಷ್ಟೆಲ್ಲ ಆದ ಮೇಲೂ. ಹೋಗಿಲ್ಲ. ಹೋಗುತ್ತದೆ ಎಂದು ಬರೆದು ಸುಳ್ಳಾಡುವುದಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ. ಇವತ್ತಿನ ಮಟ್ಟಿಗೆ ಅಷ್ಟು.

ಅರ್ಧ ಗಂಟೆಗೆ ಹೊರಬಂದಳು. ಆಟೋದಲ್ಲಿ ಕೇಳಿದೆ, “ಏನಂದ್ರು?”

“ಅವರೇನಂದ್ರು ಬ್ಯಾಡ. ನಾ ಏನಂದೆ ಕೇಳ್ರಿ.”

ಪೋರೂರಿನಿಂದ ವಳಸರವಾಕ್ಕದವರೆಗೆ ಹೇಳಿದಳು. ಅಗೆದ ರಸ್ತೆ, ಹಾರನ್ನು, ಧೂಳು. ಮೂಗಿಗೆ ಸೆರಗು ಹಿಡಿದುಕೊಂಡು ಹೇಳಿದಳು. ಎರಡು ಕಡೆ ಅರ್ಥವಾಗಲಿಲ್ಲ, ಮತ್ತೆ ಕೇಳಿದೆ. ನಡುವೆ ಬಾಯಿ ಹಾಕಲಿಲ್ಲ. ಮನೆಗೆ ಬಂದ ತಕ್ಷಣ ಬರೆದಿಡಬೇಕು ಎಂದುಕೊಂಡೆ, ಅವಳು ಆಡಿದ ಹಾಗೆಯೇ. ತಮಿಳಿಗಲ್ಲ, ಇಂಗ್ಲಿಷಿಗಲ್ಲ, ನಮ್ಮ ಮನೆಯ ಕನ್ನಡಕ್ಕೂ ಅಲ್ಲ.

“ಮೆಟ್ಟಲಾ ಹತ್ತೋವಾಗ ತೊಡಿ ದಣಿಯೂದು ಕಡಿಮಿ ಆಗೇದ. ಮಾತು ಮೂರನೇ ಬ್ಯಾಚಿನ ತನಕಾ ನಿಲ್ತದ. ಆದ್ರ ತಲಿ ಬಾಚ್ಕೋವಾಗ ಕೈ ಮ್ಯಾಲೆತ್ತಿದ್ರ, ಎರಡು ನಿಮಿಷಕ್ಕ ಕೈ...”

ಕೈ ಏನು ಅಂದಳು? ಸೋಲುತ್ತದೆ ಅಲ್ಲ. ಜೋಲುತ್ತದೆ ಅಲ್ಲ. ದಣೀತದ ಅಂತಲೂ ಅಲ್ಲ, ಇದಕ್ಕೆ ಬೇರೆ ಒಂದು ಶಬ್ದ ಹೇಳಿದಳು. ನನಗೆ ತೋಚಿದ್ದನ್ನು ಹಾಕಿಬಿಟ್ಟರೆ ಮತ್ತೆ ಅದೇ ತಪ್ಪು. ಒಳಗೆ ಬಟ್ಟೆ ಮಡಿಸುತ್ತಿದ್ದಾಳೆ. ಕೇಳಿಕೊಂಡು ಬಂದು ಬರೆಯುತ್ತೇನೆ.